ತೋಳಪಟ್ಟಿಯ ಗಂಟು

ಮನೆ, ಮೇಲಿನ ಮಹಡಿ
ಭಾನುವಾರ, ಮಾರ್ಚ್ ಹನ್ನೊಂದು

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ನಿನ್ನ ಎಡ ಮೊಣಕಾಲು ಹೇಗಿದೆ? ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತದೆ ಎಂದು ನೀನು ಅಮ್ಮನಿಗೆ ಹೇಳುತ್ತಿದ್ದೆ. ನನಗೆ ಹೇಳಿದವಳಲ್ಲವಾದ್ದರಿಂದ ಈಗಲೂ ಹಾಗೆಯೇ ಎನ್ನುತ್ತದೆಯೋ ಇಲ್ಲವೋ ತಿಳಿಯದು. ನಾನು ಆರೋಗ್ಯವಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಮಾತ್ರೆ ನುಂಗುತ್ತಿದ್ದೇನೆ. ಫೋನಿನಲ್ಲಿ ನೀನು ಕೇಳುವ ಎರಡು ಪ್ರಶ್ನೆಗಳಿಗೂ ಇಲ್ಲಿಯೇ ಉತ್ತರ ಕೊಟ್ಟಂತಾಯಿತು. ಮುಂದಿನ ಭಾನುವಾರ ಬೇರೆ ಏನನ್ನಾದರೂ ಮಾತಾಡಬೇಕಾದೀತು, ಸಿದ್ಧಳಾಗಿರು. ಅಮ್ಮನೊಡನೆ ನೀನು ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಅಷ್ಟೂ ಹೊತ್ತು ನಾನು ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತು, ಪುಟ ತಿರುವುವುದನ್ನು ಮರೆತು, ನನ್ನ ಪ್ರಸ್ತಾಪ ಬಂದೀತೇ ಎಂದು ಕಿವಿಗೊಡುತ್ತಿದ್ದೆ. ಕೊನೆಗೊಮ್ಮೆ ನೀನು 'ಅಪ್ಪ ಹೇಗಿದ್ದಾರೆ?' ಎನ್ನುತ್ತಿದ್ದೆ. ಅವಳು ನನ್ನ ಕಡೆ ಓರೆಗಣ್ಣಿನಿಂದ ನೋಡಿ, 'ಇದ್ದಾರೆ ಕಣೇ, ಕಂಬದ ಹಾಗೆ' ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದಿರಿ. ಅವಳು ಹೋಗಿ ವರ್ಷವಾಗುತ್ತ ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಪಡಬಾರದು ಎಂಬುದನ್ನು ಒಪ್ಪುತ್ತೇನೆ; ಪಡಲಾಗದು ಎಂದು ಯಾರಾದರೂ ವಾದಿಸಿದರೆ ಮಾತ್ರ ನಾನೇ ಎದ್ದು ನಿಂತು ಖಂಡಿಸಬಲ್ಲೆ.

ಇನ್ನು ವಿಷಯಕ್ಕೆ ಬರುತ್ತೇನೆ. ಗುರುವಾರ ಸಂಜೆ ರೇಡಿಯೋದಲ್ಲಿ ನಿನ್ನ ಸಂದರ್ಶನ ಕೇಳಿದೆ. ಒಂದೇ ಕ್ಲಬ್ಬಿನ ಗೋಲಿನ ಮುಂದೆ ಹದಿನಾಲ್ಕು ವರ್ಷ ಕಾವಲು ನಿಂತ ಡಿಫೆಂಡರ್ ಎಂದು ನಿನ್ನನ್ನು ಪರಿಚಯಿಸಿದರು, ವಾಕ್ಯ ಚೆನ್ನಾಗಿತ್ತು. ಈ ತಿಂಗಳ ಕೊನೆಯ ಪಂದ್ಯವೇ ನಿನ್ನ ಕಡೆಯ ಪಂದ್ಯ ಎಂಬ ಸುದ್ದಿಯನ್ನು ನಾನು ಊರವರ ಜೊತೆಗೇ ಕೇಳಿ ತಿಳಿದೆ, ಅದನ್ನೂ ನುಂಗಿಕೊಂಡೆ. ಬಳಿಕ ನಿರೂಪಕಿ ನಿಮ್ಮ ಕ್ಲಬ್ಬಿನ ಪದ್ಧತಿಯನ್ನು ವಿವರಿಸಿದಳು. ಕಡೆಯ ಪಂದ್ಯ ಆಡುವವರೇ ಆ ದಿನ ನಾಯಕರು. ಮೈದಾನಕ್ಕೆ ಇಳಿಯುವ ಮುನ್ನ ಅವರ ಮನೆಯ ಹಿರಿಯರೊಬ್ಬರು ಎಲ್ಲರೆದುರು ಅವರ ತೋಳಿಗೆ ನಾಯಕನ ಬಟ್ಟೆಪಟ್ಟಿಯನ್ನು ಕಟ್ಟಬೇಕು. ನಿಮಗೆ ಯಾರು ಕಟ್ಟುತ್ತಾರೆ ಎಂದು ಕೇಳಿದಳು. ನಾನು ರೇಡಿಯೋದ ಧ್ವನಿ ಹೆಚ್ಚಿಸಿದೆ. 'ನಮ್ಮ ಸೀಟಿ ಮೇಷ್ಟ್ರು ಕಟ್ತಾರೆ. ಅವರು ನನಗೆ ತಂದೆ ಸಮಾನ' ಎಂದೆ ನೀನು.

ಈ ಮಾತನ್ನು ನಾನು ಒಪ್ಪುವುದಿಲ್ಲ. ತಂದೆ ಸಮಾನರೊಬ್ಬರು ಬೇಕಾಗಬೇಕಾದರೆ ತಂದೆಯಾದವನು ಸತ್ತಿರಬೇಕು, ಇಲ್ಲವೇ ಮನೆ ಬಿಟ್ಟು ಓಡಿಹೋಗಿರಬೇಕು, ಅದೂ ಅಲ್ಲವಾದರೆ ಕುಡಿದು ಚರಂಡಿಯಲ್ಲಿ ಬಿದ್ದಿರಬೇಕು. ನಾನು ಈ ಮೂರರಲ್ಲಿ ಯಾವುದನ್ನೂ ಮಾಡದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಿನ್ನ ಧ್ವನಿ ಕೇಳುತ್ತ ರೇಡಿಯೋ ಮುಂದೆ ಕೂತಿದ್ದೆ. ಅಸಲು ಮನೆಯಲ್ಲೇ ಇರುವಾಗ ನಕಲಿಗೆ ಮುದ್ರೆ ಒತ್ತಿಸುವ ಅಗತ್ಯವೇನಿತ್ತು? ಕೆಳಗಿನ ಅಂಗಡಿಯ ದರ್ಜಿಯೂ ಅದೇ ಕಾರ್ಯಕ್ರಮ ಕೇಳಿದ್ದನೆಂದು ಕಾಣುತ್ತದೆ. ಮಾರನೆಯ ಬೆಳಿಗ್ಗೆ ಬಾಯಲ್ಲಿ ಸೂಜಿ ಕಚ್ಚಿಕೊಂಡೇ, 'ಏನ್ ಸಾರ್, ನಿಮ್ಮ ಜಾಗಕ್ಕೆ ಬದಲಿ ಆಟಗಾರ ಇಳಿದ್ರಂತೆ?' ಎಂದ. ಅರ್ಧ ಹೊಲಿದಿದ್ದ ನನ್ನ ಪ್ಯಾಂಟನ್ನು ಹಾಗೆಯೇ ವಾಪಸು ತಂದೆ.

ನಿನ್ನ ಸೀಟಿ ಮೇಷ್ಟರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಶಾಲೆಯ ಮೈದಾನದಲ್ಲಿ ಸೀಟಿ ಊದುತ್ತ, ಮುಂದೆ ಓಡಿ ಗೋಲು ಹೊಡೆಯುತ್ತೇನೆಂದು ಹಟ ಹಿಡಿದಿದ್ದ ಹುಡುಗಿಯನ್ನು ಹಿಂದೆ ನಿಲ್ಲಿಸಿ ಡಿಫೆಂಡರ್ ಮಾಡಿದವರು ಅವರೇ. ಆದರೆ ಅವರ ಉಪದೇಶವೆಂದು ನೀನು ರೇಡಿಯೋದಲ್ಲಿ ಹೇಳಿದೆಯಲ್ಲ, 'ಚೆಂಡಿಗೆ ನುಗ್ಗಬೇಡ, ಎದುರಿನವಳು ಮೊದಲು ಮನಸ್ಸು ಮಾಡ್ಲಿ, ಆಮೇಲೆ ಕಾಲು ಹಾಕು' ಎಂದು, ಆ ಮಾತಿನ ಒಡೆತನದ ಬಗ್ಗೆ ನನ್ನ ತೀವ್ರ ಆಕ್ಷೇಪವಿದೆ. ನಮ್ಮ ಊಟದ ಮೇಜಿನಲ್ಲಿ, ನೀನು ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದಷ್ಟು ಚಿಕ್ಕವಳಿದ್ದಾಗ, 'ಮಧ್ಯೆ ಬಾಯಿ ಹಾಕಬೇಡ, ಎದುರಿನವನು ಪೂರ್ತಿ ಹೇಳಲಿ, ಮುಗಿಸುವಷ್ಟರಲ್ಲಿ ಎಲ್ಲೋ ಒಂದು ಬಾಗಿಲು ತೆರೆದಿಟ್ಟಿರುತ್ತಾನೆ' ಎಂದು ಹೇಳುತ್ತಿದ್ದವರು ಯಾರು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಯಾವಾಗಲೂ ಎರಡನೆಯ ಭಾಷಣಕಾರ. ಮೊದಲನೆಯವನಿಗೆ ಚಪ್ಪಾಳೆ ಬೀಳುತ್ತಿತ್ತು. ಅವನು ಆವೇಶದಲ್ಲಿ ಬಿಟ್ಟುಹೋದ ಸಂದುಗಳನ್ನು ಮುಚ್ಚುವುದು ನನ್ನ ಪಾಲಿಗೆ ಬರುತ್ತಿತ್ತು. ಡಿಫೆಂಡರ್ ಕೆಲಸ ಬೇರೇನು? ಎರಡು ವರ್ಷದ ಹಿಂದೆ ಟಿವಿಯಲ್ಲಿ ಬಂದ ಫೈನಲ್ಲಿನಲ್ಲಿ ಎದುರು ತಂಡದ ಅತಿ ವೇಗದ ಆಟಗಾರ್ತಿಯನ್ನು ನೀನು ಮುಟ್ಟದೆ, ಬೀಳಿಸದೆ, ಅಂಚಿನ ಗೆರೆಯುದ್ದಕ್ಕೂ ಜೊತೆಜೊತೆಗೇ ನಡೆಸಿಕೊಂಡು ಹೋದೆ; ಅವಳು ದಾರಿ ಕಾಣದೆ ತಾನೇ ಚೆಂಡನ್ನು ಹೊರಗೆ ಒದ್ದಳು. ವೀಕ್ಷಕ ವಿವರಣೆಯವನು 'ಅಲ್ಲೇನೂ ಆಗಲಿಲ್ಲ' ಎಂದು ಮುಂದೆ ಹೋದ. ಏನೂ ಆಗದ ಹಾಗೆ ನೋಡಿಕೊಂಡವಳು ನನ್ನ ಮಗಳು ಎಂದು ನಾನು ಈ ಕೋಣೆಯ ಗೋಡೆಗೆ ಗಟ್ಟಿಯಾಗಿ ಹೇಳಿದೆ. ಗೋಡೆ ಪ್ರತಿವಾದಿಸಲಿಲ್ಲ.

ನನ್ನನ್ನು ಏಕೆ ಕರೆಯಲಿಲ್ಲವೆಂಬುದನ್ನೂ ನಾನು ಬಲ್ಲೆ. ನಿನ್ನ ಮೊದಲ ದೊಡ್ಡ ಪಂದ್ಯಕ್ಕೆ ಅಮ್ಮನ ಜೊತೆ ಬಂದಿದ್ದೆನಲ್ಲ. ಎದುರು ತಂಡದವಳು ಅಷ್ಟು ದೂರದಿಂದ ಬಿಲ್ಲಿನಂತೆ ಬಾಗಿಸಿ ಹೊಡೆದ ಆ ಗೋಲು ನಿಜಕ್ಕೂ ಸೊಗಸಾಗಿತ್ತು. ನಾನು ಚಪ್ಪಾಳೆ ತಟ್ಟಿದೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಒಳ್ಳೆಯ ಮಾತು ಹೇಳಿದರೆ ಮೇಜು ತಟ್ಟುವುದು ಸಭ್ಯತೆ. ಇಡೀ ಸ್ಟ್ಯಾಂಡು ನನ್ನ ಕಡೆ ತಿರುಗಿತು. 'ಯಜಮಾನ್ರೇ, ಯಾರ ಕಡೆ ನೀವು?' ಎಂದು ಒಬ್ಬ. 'ಬಿಡಪ್ಪ, ಅವರ ಕಡೆಯ ಬೀಗರಿರಬೇಕು' ಎಂದು ಇನ್ನೊಬ್ಬ. ನಾನು ಸುಮ್ಮನಿರಲಿಲ್ಲ, ಎದ್ದು ನಿಂತು ನನ್ನ ನಿಲುವನ್ನು ಸಕಾರಣವಾಗಿ ವಿವರಿಸಿದೆ. ಆ ಗೋಲು ನಿನ್ನನ್ನೇ ದಾಟಿ ಹೋದದ್ದು ಎಂಬುದು ನೀನು ತಲೆಯೆತ್ತಿ ನೋಡಿದಾಗ ತಿಳಿಯಿತು. ಆ ದಿನ ಅಡುಗೆಮನೆಯಿಂದ ಕೇಳಿಬಂತು: 'ಅಮ್ಮಾ, ಇನ್ಮೇಲೆ ಅಪ್ಪನ್ನ ಕರ್ಕೊಂಡು ಬರಬೇಡ.' ಸರಿ, ಬರಲಿಲ್ಲ. ಅವಳು ಶಾಲು ಹೊದ್ದು, ಕಂಕುಳಲ್ಲಿ ದಿಂಬು ಇರುಕಿಕೊಂಡು ಒಬ್ಬಳೇ ಬರುತ್ತಿದ್ದಳು. ಕೂಗಿ ಕೂಗಿ ಒಡೆದ ಗಂಟಲಿನಲ್ಲಿ ಮನೆಗೆ ಮರಳಿದವಳಿಗೆ ಬಿಸಿನೀರಿಗೆ ಉಪ್ಪು ಹಾಕಿ ಕೊಡುವುದು ನನ್ನ ಪಾಲಿನ ಫುಟ್‌ಬಾಲ್ ಆಗಿತ್ತು. ಆ ಒಡೆದ ಗಂಟಲನ್ನು ಕಂಡರೂ ನನಗೆ ಅಸೂಯೆಯಾಗುತ್ತಿತ್ತು. ಇನ್ನು ಅವಳ ಪಕ್ಕದಲ್ಲಿ ಖಾಲಿ ಉಳಿದ ನನ್ನ ಕುರ್ಚಿ ಯಾರಿಗೆ ಹೋಯಿತು ಎಂಬುದನ್ನು ನಿನಗೆ ನೆನಪಿಸಬೇಕಿಲ್ಲ. ಸೀಟಿ ಮೇಷ್ಟರಿಗೆ.

ಶುಕ್ರವಾರ ಮಧ್ಯಾಹ್ನ ನಾನು ಅವರ ಮನೆಗೇ ಹೋದೆ. ಬೇಕರಿಯ ಮೇಲಿನ ಎರಡು ಕೋಣೆ; ಬ್ರೆಡ್ಡಿನ ವಾಸನೆ ಮೆಟ್ಟಿಲವರೆಗೂ ಬರುತ್ತದೆ. ದಾರಿಯುದ್ದಕ್ಕೂ ವಾದವನ್ನು ಜೋಡಿಸಿಕೊಂಡಿದ್ದೆ: ಪೀಠಿಕೆ, ಆಧಾರ, ಖಂಡನೆ, ಸಮಾರೋಪ. ಬಾಗಿಲು ತೆರೆದವರೇ, 'ಬನ್ನಿ ಸಾರ್, ಬೈಯೋಕೆ ಬಂದಿದ್ದೀರಿ ಅನ್ಸುತ್ತೆ. ಟೀ ಕುಡಿದು ಬೈರಿ, ಗಂಟಲು ಚೆನ್ನಾಗಿರುತ್ತೆ' ಎಂದರು. ಗೋಡೆಯ ತುಂಬ ನೀನಿದ್ದೆ. ಹಲ್ಲು ಬಿದ್ದ ನೀನು, ಮೊಣಕಾಲಿಗೆ ಮಂಜುಗಡ್ಡೆ ಒತ್ತಿಕೊಂಡ ನೀನು, ಕೆಸರಲ್ಲಿ ಕೂತು ಬಾಯ್ತುಂಬ ನಗುವ ನೀನು. ಆ ನಗು ನನ್ನ ಮನೆಯ ಯಾವ ಗೋಡೆಯ ಮೇಲೂ ಇಲ್ಲ. ಟೀ ಕುಡಿದೆ. ಬೈಯಲಿಲ್ಲ. ಎದ್ದು ಬಂದೆ. ಏಕೆಂಬುದನ್ನು ಇಲ್ಲಿ ವಿವರಿಸುವ ಮನಸ್ಸಿಲ್ಲ.

ಆದ್ದರಿಂದ ನನ್ನ ಆಕ್ಷೇಪವನ್ನು ದಾಖಲಿಸಿ, ತೀರ್ಪನ್ನು ನಿನಗೇ ಬಿಟ್ಟು, ಇಲ್ಲಿಗೆ ನಿಲ್ಲಿಸುತ್ತೇನೆ. ಪಂದ್ಯದ ದಿನ ಎಂದಿನಂತೆ ರೇಡಿಯೋ ಮುಂದೆ ಇರುತ್ತೇನೆ. ಮೊಣಕಾಲಿಗೆ ಬಿಸಿ ಬಟ್ಟೆ ಒತ್ತಿಕೋ, ಉದಾಸೀನ ಮಾಡಬೇಡ. ಬಿದ್ದರೆ ಏಳುವ ಶಕ್ತಿ ನಿನ್ನ ಕಾಲಿಗೆ ಸದಾ ಇರಲಿ.

ಇಂತು,
ನಿನ್ನ ಅಪ್ಪ
(ಸಮಾನನಲ್ಲ, ಅಪ್ಪನೇ)

ತಾ.ಕ. (ಸೋಮವಾರ ಬೆಳಿಗ್ಗೆ): ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಅಂಚೆ ಎತ್ತುವ ಹೊತ್ತಾಗಿದೆ. ಮೇಷ್ಟರ ಕೈ ನಡುಗುತ್ತದೆ. ಎರಡೂ ಕೈಯಲ್ಲಿ ಹಿಡಿದು ತಂದರೂ ಅರ್ಧ ಟೀ ಬಸಿಯಲ್ಲಿತ್ತು. ಕುರ್ಚಿಯ ಕಾಲಿಗೆ ಹಳೆಯ ಶೂ ಲೇಸು ಸುತ್ತಿತ್ತು, ಗಂಟು ಬಿದ್ದಿರಲಿಲ್ಲ. ನಾನು ನೋಡಿದ್ದನ್ನು ನೋಡಿ, 'ಅಭ್ಯಾಸ ಮಾಡ್ತಿದ್ದೀನಿ ಸಾರ್, ಕೈ ಮಾತು ಕೇಳ್ತಿಲ್ಲ' ಎಂದರು. ನನಗೆ ಸಂತೋಷವಾಯಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಸಂತೋಷ ಹುಳಿಯಾಯಿತು. ನೀನು ಹೆಸರು ಬದಲಿಸಬೇಡ. ಕರೆದದ್ದು ಅವರನ್ನು, ಅವರೇ ಬರಲಿ, ಪಟ್ಟಿಯನ್ನು ಅವರೇ ತೋಳಿಗೆ ಸುತ್ತಲಿ. ನನಗೊಂದು ಪಾಸು ತೆಗೆದಿಡು. ನಾನು ಅವರ ಹಿಂದೆ ಒಂದು ಹೆಜ್ಜೆ ಬಿಟ್ಟು ನಿಂತಿರುತ್ತೇನೆ. ಪಟ್ಟಿ ಜಾರುವ ಹೊತ್ತಿಗೆ ನೀನು ತೋಳನ್ನು ಸ್ವಲ್ಪ ನನ್ನ ಕಡೆ ತಿರುಗಿಸು. ತುದಿ ಹಿಡಿದು ಗಂಟು ನಾನು ಹಾಕುತ್ತೇನೆ. ನೋಡಿದವರಿಗೆ ಅವರೇ ಕಟ್ಟಿದಂತೆ ಕಾಣಬೇಕು, ಅಲ್ಲೇನೂ ಆಗಲಿಲ್ಲ ಅನ್ನಿಸಬೇಕು. ಗಂಟು ಯಾರದೆಂಬುದು ನಿನಗೆ ಗೊತ್ತಿದ್ದರೆ ಸಾಕು; ದರ್ಜಿಗೂ ಗೊತ್ತಾದರೆ ನನ್ನ ಅಭ್ಯಂತರವಿಲ್ಲ. ಆದರೆ ಎದುರು ತಂಡದವರು ಚೆನ್ನಾಗಿ ಆಡಿದರೆ ಚಪ್ಪಾಳೆ ತಟ್ಟುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.