ಮೊಮ್ಮಗಳೊಡನೆ ಆಡಿದ ಇಂಗ್ಲಿಷ್

ಭಾನುವಾರ, ಜೂನ್ ೧೪

ಪ್ರೀತಿಯ ತಂಗಿ ಪುಟ್ಟಿಗೆ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಕ್ಷಮಿಸು. ನಿನ್ನ ಯಜಮಾನರ ಮಂಡಿನೋವು ಈಗ ಹೇಗಿದೆ? ನಾನು ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಶಾಲೆ ಯೂನಿಫಾರಂಗಳು ರಾಶಿ ಬಿದ್ದಿವೆ. ಗುಂಡಿ ಹಾಕಿ ಹಾಕಿ ಬೆರಳ ತುದಿ ಜಡ್ಡುಗಟ್ಟಿದೆ.

ಒಂದು ಸುದ್ದಿ ಹೇಳುತ್ತೇನೆ, ನಗಬೇಡ. ನಿನ್ನ ಅಕ್ಕ ಇಂಗ್ಲಿಷ್ ಕಲಿಯುತ್ತಿದ್ದಾಳೆ!

ಮಗಳು ತೀರಿಕೊಂಡ ಮೇಲೆ ಅಳಿಯಂದಿರು ಹಸುಗೂಸನ್ನು ಎತ್ತಿಕೊಂಡು ತಮ್ಮ ಊರಿಗೆ ಹೊರಟುಹೋಗಿ ಆರು ವರ್ಷವಾಯಿತಲ್ಲ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ನಡುವೆ ನಿಂತು ಇಬ್ಬರಿಗೂ ಮಾತು ದಾಟಿಸುತ್ತಿದ್ದವಳು ಮಗಳೊಬ್ಬಳೇ. ಅವಳಿಲ್ಲದ ಮೇಲೆ ಉಳಿದದ್ದು ಇಂಗ್ಲಿಷ್. ಅದೂ ನನಗೆ ಬಾರದು. ಎಷ್ಟೋ ಸಲ ಫೋನು ಮಾಡಿ, ಆ ಕಡೆಯಿಂದ “ಹಲೋ, ಹೂ ಈಸ್ ದಿಸ್?” ಎಂದೊಡನೆ ಇಟ್ಟುಬಿಟ್ಟಿದ್ದೇನೆ.

ಇಲ್ಲಿ ಬೇಕರಿಯ ಮೇಲಿನ ಕೋಣೆಯಲ್ಲಿ ಸಂಜೆ ಪಾಠ ನಡೆಯುತ್ತದೆ. ಹೇಳಿಕೊಡುವ ಮೇಡಂ, ನಮ್ಮ ಹುಡುಗಿ ಇದ್ದಿದ್ದರೆ ಅವಳ ವಯಸ್ಸಿನವಳು. ನಾನು ಹೋದ ಮೊದಲ ದಿನವೇ ಎಬ್ಬಿಸಿ ನಿಲ್ಲಿಸಿ ಹೆಸರು ಕೇಳಿದಳು. ಹೆಸರು ಹೇಳುವುದಕ್ಕೇನು ಕಷ್ಟ ಹೇಳು? ಆದರೂ ಬಾತ್‌ರೂಮಿಗೆಂದು ಸನ್ನೆ ಮಾಡಿ ಎದ್ದವಳು ನೇರ ಮೆಟ್ಟಿಲಿಳಿದುಬಿಟ್ಟೆ. ಅದೇ ಪಾಠಕ್ಕೆ ಬರುವ ಬಸ್ ಡ್ರೈವರೊಬ್ಬರು ಕೆಳಗೆ ಎದುರಾದರು.

“ಎಲ್ಲಿಗೆ ಹೊರಟ್ರಿ ಅಮ್ಮಾ?”

“ನನ್ನಿಂದ ಆಗಲ್ಲಪ್ಪಾ. ತಪ್ಪುತಪ್ಪು ಮಾತಾಡಿ ನಗೆಪಾಟಲಾಗ್ತೀನಿ.”

“ನಾನು ನಿನ್ನೆ ‘ಐ ಆಮ್ ಎ ಬಸ್’ ಅಂದೆ. ಎಲ್ಲರೂ ನಕ್ರು, ನಾನೂ ನಕ್ಕೆ. ಯಾರೂ ಹತ್ತೋಕೆ ಬರ್ಲಿಲ್ಲ. ನಡೀರಿ ಮೇಲೆ.”

ಹೀಗೆ ಶುರುವಾಯಿತು. ಅಂಗಡಿಯಲ್ಲಿ ಮಷಿನ್ನುಗಳ ಸದ್ದಿನ ನಡುವೆ ಒಬ್ಬಳೇ ಇಂಗ್ಲಿಷ್ ಒದರುತ್ತಿದ್ದೆ. ಪಕ್ಕದವಳು “ಯಾರ ಮೇಲಮ್ಮ ಸಿಟ್ಟು?” ಎಂದು ಕೇಳಿದ್ದೂ ಉಂಟು.

ಹೋದ ಭಾನುವಾರ ಧೈರ್ಯ ಮಾಡಿ ಫೋನು ಮಾಡಿದೆ. ಅಳಿಯಂದಿರು ಎತ್ತಿದರು. ತೊದಲುತ್ತಲೇ ನಾನು ಯಾರೆಂದು ಹೇಳಿ, ಮಗುವಿನ ಜೊತೆ ಮಾತಾಡಬಹುದೇ ಎಂದು ಕೇಳಿದೆ. ಮಗುವನ್ನು ಕರೆದು ಫೋನು ಕೊಟ್ಟರು.

ಪುಟ್ಟಿ, ಆ ದನಿ! ಥೇಟ್ ನಮ್ಮ ಹುಡುಗಿಯದೇ. “ನನ್ನ ಮೊದಲ್ನೇ ಮಮ್ಮಿ ನಿಮಗೆ ಗೊತ್ತಾ?” ಎಂದು ಇಂಗ್ಲಿಷಿನಲ್ಲಿ ಕೇಳಿತು. ಗೊತ್ತು ಎಂದೆ.

“ಅವಳಿಗೂ ಕತ್ತಲೆ ಅಂದ್ರೆ ಭಯ ಇತ್ತಾ?”

“ತುಂಬಾ. ನನ್ನ ಸ್ಮಾಲ್ ಫಿಂಗರ್ ಹಿಡ್ಕೊಂಡೇ ಮಲಗ್ತಿದ್ದಳು.”

ಕಿರುಬೆರಳಿಗೆ ‘ಲಿಟಲ್ ಫಿಂಗರ್’ ಅನ್ನಬೇಕಂತೆ. ಮಗುವೇ ತಿದ್ದಿ ಕಿಲಕಿಲ ನಕ್ಕಿತು. ನನ್ನ ಇಂಗ್ಲಿಷಿಗೆ ಯಾರಾದರೂ ನಕ್ಕರೆ ಇಷ್ಟು ಹಿತವಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಆಮೇಲೆ ಭಯ ಎಲ್ಲಿ ಹೋಯಿತೋ, ನಮ್ಮ ಹುಡುಗಿಯ ತುಂಟಾಟಗಳನ್ನೆಲ್ಲ ಹರುಕುಮುರುಕಾಗಿ ಹೇಳುತ್ತಲೇ ಹೋದೆ.

ನಿಮ್ಮಿಬ್ಬರ ಆರೋಗ್ಯ ಗಟ್ಟಿಯಾಗಿರಲಿ, ಮನೆ ತಣ್ಣಗಿರಲಿ. ಮಕ್ಕಳ ತಲೆ ಸವರಿ ದೊಡ್ಡಮ್ಮನ ಆಶೀರ್ವಾದ ಎಂದು ಹೇಳು.

ನಿನ್ನ
ಅಕ್ಕ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಫೋನು ಕೊಡುವಾಗ ಅಳಿಯಂದಿರು ಮಗುವಿಗೆ, “ನಿನ್ನ ಮಮ್ಮಿಗೆ ಪರಿಚಯ ಇದ್ದ ಆಂಟಿ ಒಬ್ಬರು” ಎಂದರು. ಇಂಗ್ಲಿಷ್ ಕಲಿಯದೆ ಇದ್ದಿದ್ದರೆ ನನಗದು ಅರ್ಥವೇ ಆಗುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ‘ನಾನು ನಿನ್ನ ಅಜ್ಜಿ’ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಅಳಿಯಂದಿರ ಈಗಿನ ಹೆಂಡತಿಯ ತಾಯಿ ಇರಬೇಕು. “ಗ್ರಾಂಡ್‌ಮಾ ಊಟಕ್ಕೆ ಕರೀತಿದ್ದಾರೆ. ಬೈ ಆಂಟಿ” ಎಂದಿತು ಮಗು.

“ಹೋಗು ಕಂದ, ಅಜ್ಜಿಯನ್ನ ಕಾಯಿಸಬೇಡ” ಎಂದೆ. ಅವತ್ತು ನಾನು ತಡವರಿಸದೆ ಆಡಿದ ಇಂಗ್ಲಿಷ್ ಮಾತು ಅದೊಂದೇ.