ಕೌದಿ ಮಡಚಿದ ಕೈ

ಅತ್ಯಾರಿಗೆ ಹರಿಯಾಣಾದಿಂದ ಸೊಸಿ ಧನಶ್ರೀಯ ನಮಸ್ಕಾರ.

ಇಪ್ಪತ್ತೆರಡು ವರ್ಷ ಆದ ಮ್ಯಾಲೆ ನಿನ್ನೆ ನಾನು ಮತ್ತ ವಿಮಾನದಿಂದ ಜಿಗಿದೆರಿ. ಅದಕ್ಕೂ ಮೊದಲ ನನ್ನ ಪ್ಯಾರಾಶೂಟ್ ನಾನಽ ಮಡಚಬೇಕಿತ್ತು. ಆ ಜಾರೂ ಅರಿವಿ ಏನ ಮಾಡಿದ್ರೂ ಚೀಲದಾಗ ಹೋಗವಲ್ಲದು. ಕಡೀಕೆ ನೀವು ಟ್ರಂಕಿನ್ಯಾಗ ಕೌದಿ ತುಂಬತೀರಲ್ಲ, ಹಂಗಽ ಮೊಣಕಾಲೂರಿ ಗಾಳಿ ಹೊರಗ ಹಾಕಿ ಮಡಚಿದೆ. ಕಲಿಸೂ ಸರ್ ತಪಾಸಿ ನೋಡಿ, “ಯಾರು ಕಲಿಸಿದ್ರು?” ಅಂತ ಕೇಳಿದ್ರು. “ಯರಗುಪ್ಪಿ ಊರಾಗಿನ ನಮ್ಮ ಅತ್ಯಾ” ಅಂದೆ. ಮದುವಿ ಆದ ಮ್ಯಾಲೆ ಜಿಗಿಯೂದು ಬಿಡಿಸಿದವರೂ ನೀವಽ ಅಂತ ಹೇಳಲಿಲ್ಲ.

ಪ್ಯಾರಾಶೂಟ್ ಅಗದಿ ಛಂದ ಬಿಚ್ಚಿತ್ರಿ. ಮೊಣಕಾಲಿಗೆ ನೀವು ಕೊಟ್ಟ ಎಣ್ಣಿ ಹಚ್ಚೀನಿ, ಕಾಳಜಿ ಬ್ಯಾಡ. ಗುರುವಾರ ಬರ್ತೀನಿ. ಒಗದ ಕೌದಿ ಹಂಗಽ ಇಡ್ರಿ, ನಾನಽ ಮಡಚತೀನಿ. ಮುಂದಿನ ತಿಂಗಳ ಮತ್ತ ಜಿಗಿಯೂದದ, ಕೈಗೆ ರೂಢಿ ಇರಲಿ.