ಸಮುದ್ರದ ಕಡೆ ಮುಖ

ಫೆಬ್ರವರಿ 11, 2023, ಶನಿವಾರ

ಅಬ್ಬಾನ ಬಿಪಿ ಮಾತ್ರೆ ರೀಫಿಲ್ ಆಯಿತು. ಲಾಂಡ್ರಿ ಬಾಕಿ. ಡೈನಿಂಗ್ ಟೇಬಲ್ ತುಂಬಾ ಮೆಹವಿಶ್‌ಳ ಹಿಸ್ಟರಿ ಪ್ರಾಜೆಕ್ಟ್. ಇಲ್ಲಿನ ಶಾಲೆಯವರು ಕೊಟ್ಟ ವಿಷಯ, ಅಮೆರಿಕದ ಕರಾವಳಿ ತೋಪುಪಡೆ. ಬಂದರು ಕಾಯಲು ದೊಡ್ಡ ದೊಡ್ಡ ತೋಪು ಕೂರಿಸಿದರು, ವಿಮಾನ ಬಂದ ಮೇಲೆ ಅವು ಕೆಲಸಕ್ಕೆ ಬಾರದಾದವು, 1950ರಲ್ಲಿ ಪಡೆಯನ್ನೇ ಮುಚ್ಚಿದರು. ಮಗಳು ಓದಿ ಹೇಳಿದ್ದು ಇಷ್ಟು.

ಅಬ್ಬಾ ಚಿತ್ರಗಳನ್ನು ನೋಡುತ್ತ ನಿಂತರು. ಒಳಗೆ ಹೋಗಿ ಒಂದು ಹಳೆಯ ಫೋಟೋ ತಂದರು. ಬೊಂಬಾಯಿ. ಸೇನೆಯ ಸಮವಸ್ತ್ರ. ಹಿಂದೆ ಇಂಥದೇ ತೋಪು. ಹೆಗಲ ಮೇಲೆ ಕೈ ಹಾಕಿದ ಗೆಳೆಯ. ನಾನೇ ಇದನ್ನು ನೋಡಿರಲಿಲ್ಲ.

"ಇವ್ನು ಮಹಾಂತಪ್ಪ," ಅಂದರು. ಫೋಟೋ ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಫೆಬ್ರವರಿ 12

ಇವತ್ತು ಹೇಳಿದರು. ಮೆಹವಿಶ್ ಪ್ರಶ್ನೆ ಬರೆದು ಬರೆದು ತೋರಿಸಿದಳು. ಅಬ್ಬಾಗೆ ಕಿವಿ ಪೂರ್ತಿ ಹೋಗಿದೆ. ಎದುರು ಕೂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಆದರೆ ಮೊಮ್ಮಗಳ ಕನ್ನಡ ತುಟಿಯ ಮೇಲೆ ಇಂಗ್ಲಿಷ್ ಥರ ಕಾಣುತ್ತದಂತೆ.

ತೋಪು ಹಾರಿಸುವ ಅಭ್ಯಾಸದ ದಿನ. ತೋಪಿನಲ್ಲಿ ತುಂಬಿದ ಗುಂಡು ಸಿಡಿಯಲಿಲ್ಲ. ಹಾಗಾದಾಗ ಸುಮ್ಮನೆ ಕಾಯಬೇಕು, ಅದು ನಿಯಮ. ಮಹಾಂತಪ್ಪ ಕಾಯಲಿಲ್ಲ. ತೋಪಿಗೆ ಗುಂಡು ತುಂಬುವ ಹಿಂಬದಿಯ ಬಾಗಿಲು ತೆಗೆದರು. ಸಿಡಿಯಿತು... ಜೊತೆಗಾರನೊಬ್ಬ ಸತ್ತ. ಮಹಾಂತಪ್ಪನವರ ತೋಳು ಸುಟ್ಟಿತು. ಅಬ್ಬಾನ ಕಿವಿ ಹೋಯಿತು. ವಿಚಾರಣೆಯಲ್ಲಿ ಅಬ್ಬಾ ಕಂಡದ್ದನ್ನು ಕಂಡ ಹಾಗೇ ಹೇಳಿದರು. ಗೆಳೆಯನನ್ನು ಸೇನೆಯಿಂದ ತೆಗೆದುಹಾಕಿದರು.

"ಸುಳ್ಳು ಹೇಳಿದ್ರೆ ಸತ್ತೋನಿಗೆ ಅನ್ಯಾಯ ಆಗ್ತಿತ್ತು ಮುನೀಬಾ."

ಊಟ ಬೇಡವೆಂದರು.

ಮಾರ್ಚ್ 5, ಭಾನುವಾರ

ಅಬ್ಬಾ ತೋಪಿನ ಕೆಲಸ ವಿವರಿಸುವ ವಿಡಿಯೋವನ್ನು ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ವಿಚಾರಣೆಯ ಭಾಗ ತೆಗೆದು, ಆ ಫೋಟೋ ಸೇರಿಸಿ. ಅಲ್ಲಿಂದ ಎಲ್ಲೆಲ್ಲಿಗೋ ಹೋಗಿದೆ.

ಜಾರ್ಜಿಯಾದ ಡುಲುತ್‌ನಿಂದ ಫೋನ್. ಕಾತ್ಯಾಯಿನಿ ಅಂತ. ಮಹಾಂತಪ್ಪನವರ ಸೊಸೆ! ಮಾವ ಅವರ ಜೊತೆಗೇ ಇದ್ದಾರೆ. ಫೋಟೋ ನೋಡಿದಾಗಿನಿಂದ ಮಾತು ಬಿಟ್ಟಿದ್ದಾರಂತೆ.

ಅಬ್ಬಾಗೆ ಬರೆದು ತೋರಿಸಿದೆ. ಅವನನ್ನು ನೋಡಬೇಕು ಅಂದರು.

ಮಾರ್ಚ್ 26

ಮಹಾಂತಪ್ಪನವರ ಉತ್ತರ ಬಂತು, ಅಬ್ಬಾನ ಹೆಸರು ಹಿಡಿದೇ. ಜಮೀಲನ ಮನೆಗೆ ಬರುವುದಿಲ್ಲ, ನಮ್ಮನ್ನು ಕರೆಯುವುದೂ ಇಲ್ಲ. ತೋಪು ಇರುವ ಕಡೆ ಬೇಕಾದರೆ ಸಿಗುತ್ತಾರಂತೆ. ಚಾರ್ಲ್ಸ್‌ಟನ್ ಹತ್ತಿರ ಸಮುದ್ರದ ದಂಡೆಗೆ ಫೋರ್ಟ್ ಮೂಲ್ಟ್ರಿ ಅಂತ ತೋಪಿರುವ ಕೋಟೆ ಇದೆ ಅಂದಳು ಮೆಹವಿಶ್. ಈದ್ ಆದ ಮೇಲೆ ಹೋಗುವುದು.

ಏಪ್ರಿಲ್ 29, ಸಂಜೆ, ಹೋಟೆಲ್

ಫೋರ್ಟ್ ಮೂಲ್ಟ್ರಿಗೆ ಹೋಗಿ ಬಂದೆವು.

ಮಹಾಂತಪ್ಪ ಸೊಸೆಯ ಜೊತೆ ಮೊದಲೇ ಬಂದಿದ್ದರು. ಕಪ್ಪು ಬಣ್ಣ ಬಳಿದ ತೋಪಿನ ಪಕ್ಕ, ವಾಕರ್ ಹಿಡಿದು, ಸಮುದ್ರದ ಕಡೆ ಮುಖ ಮಾಡಿ. ಅಬ್ಬಾ ಹತ್ತಿರ ಹೋಗಿ ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಆ ಕಡೆ ನೋಡುತ್ತಲೇ ಮಾತಾಡಿದರು. ಅಬ್ಬಾಗೆ ತುಟಿ ಕಾಣಲಿಲ್ಲ. ನನ್ನನ್ನು ನೋಡಿದರು.

ಬರೆದು ತೋರಿಸಲು ಫೋನ್ ತೆಗೆದೆ.

"ಬಾಗಿಲ ತೆಗದಾಂವ ನಾನ. ಜಮೀಲ ಖರೇನ ಹೇಳಿದ," ಅಂದರು ಮಹಾಂತಪ್ಪ. "ಆದ್ರ ಮಿಲಿಟ್ರಿಂದ ಹೊರಗ ಹಾಕಿದ್ರಂತ ನಮ್ಮವ್ವ ಸಾಯೂತನಕ ನನ್ನ ಕೂಡ ಮಾತಾಡಲಿಲ್ಲ. ನಾ ಕ್ಷಮಾ ಮಾಡಿಲ್ಲಂತ ಬರಿ ತಂಗಿ."

ಕಾತ್ಯಾಯಿನಿ ಬೇಡವೆನ್ನುವಂತೆ ತಲೆ ಆಡಿಸಿದರು. ಬೇರೆ ಏನಾದರೂ ಬರೆಯಬಹುದಿತ್ತು. ಗಾಳಿ ಇತ್ತು, ಕೇಳಿಸಲಿಲ್ಲ ಅನ್ನಬಹುದಿತ್ತು. ಎಂಬತ್ತು ದಾಟಿದ ಅಪ್ಪ ಅಷ್ಟು ದೂರದಿಂದ ಬಂದು... ಆದರೆ ಇದ್ದದ್ದನ್ನೇ ಬರೆದೆ. ಅಬ್ಬಾನ ಮಗಳು ನಾನು.

ಓದಿದರು. ಕನ್ನಡಕ ತೆಗೆದರು.

"ಸರಿ. ಅದನ್ನ ಹೇಳೋಕಾದ್ರೂ ಇಷ್ಟು ದೂರ ಬಂದ್ಯಲ್ಲೋ."

ಮಹಾಂತಪ್ಪನವರ ಭುಜ ಅಲುಗಿತು. ತಿರುಗಲಿಲ್ಲ. ಹೋಗಲೂ ಇಲ್ಲ. ಅಬ್ಬಾ ಪಕ್ಕ ಹೋಗಿ ನಿಂತರು. ಇಬ್ಬರೂ ನೀರು ನೋಡುತ್ತ... ಹಡಗೊಂದು ಬಂದರಿನೊಳಗೆ ಬರುತ್ತಿತ್ತು. ಅದು ಕಣ್ಮರೆಯಾಗುವವರೆಗೂ ನಿಂತಿದ್ದರು.

ಸೆಪ್ಟೆಂಬರ್ 16, ಶನಿವಾರ, ಬೆಳಿಗ್ಗೆ

ಬೇಸಿಗೆ ಪೂರ್ತಿ ಏನೂ ಬರೆದಿಲ್ಲ. ಡುಲುತ್‌ನಿಂದಲೂ ಸುದ್ದಿ ಇರಲಿಲ್ಲ.

ಈಗ ಕಾತ್ಯಾಯಿನಿಯ ಫೋನ್. ಮಾವ ಆಸ್ಪತ್ರೆಯಲ್ಲಿದ್ದಾರೆ, ಶ್ವಾಸಕೋಶ. "ಜಮೀಲ್ ಅಂಕಲ್ ಬರ್ಲಿ ಅಂತಿದಾರೆ. ಏನ್ ಹೇಳ್ಬೇಕೋ ನಾನೇ ಮೆಸೇಜ್ ಮಾಡ್ತೀನಿ ಅಂದ್ರೆ ಬೇಡ ಅಂತಾರೆ ಮುನೀಬಾ."

ಬರೆದು ತೋರಿಸಿದ್ದೇ ತಡ, ಅಬ್ಬಾ ಶೂ ಹಾಕಿಕೊಂಡರು.

ಅದೇ ದಿನ ಸಂಜೆ, ಡುಲುತ್ ಆಸ್ಪತ್ರೆ

ಮಂಚದ ತಲೆಭಾಗ ಎತ್ತಿಸಿದ್ದರು. ಅಬ್ಬಾ ಒಳಗೆ ಬಂದದ್ದೇ ಮಹಾಂತಪ್ಪ ಆಕ್ಸಿಜನ್ ಮಾಸ್ಕ್ ಸರಿಸಿದರು. ನರ್ಸ್ ತಡೆದಳು, ಕೇಳಲಿಲ್ಲ. ಮುಖ ಇತ್ತ ತಿರುಗಿಸಿದರು. ಪೂರ್ತಿ. ದನಿ ಇರಲಿಲ್ಲ, ತುಟಿ ಮಾತ್ರ ಆಡಿತು, ನಿಧಾನವಾಗಿ. ನಾನು ಅಭ್ಯಾಸಬಲದಿಂದ ಫೋನ್ ತೆಗೆದೆ. ಅಬ್ಬಾ ನೋಡದೆಯೇ ಕೈಯಿಂದ ಪಕ್ಕಕ್ಕೆ ಸರಿಸಿದರು.

ಹೊರಗೆ ಬಂದ ಮೇಲೆ ಕೇಳಿದೆ, ಏನಂದರು ಅಂತ.

"ಅದು ನನಗೆ ಹೇಳಿದ್ದು," ಅಂದರು.

ಈಗ ಮತ್ತೆ ಒಳಗಿದ್ದಾರೆ. ಗಾಜಿನ ಆಚೆ ಇಬ್ಬರೂ ಕಾಣುತ್ತಾರೆ. ಅಬ್ಬಾ ಏನೋ ಹೇಳುತ್ತಿದ್ದಾರೆ, ಅವರು ನಗುತ್ತಿದ್ದಾರೆ— ಕಾತ್ಯಾಯಿನಿ ನನ್ನನ್ನೂ ಒಳಗೆ ಕರೆಯುತ್ತಿದ್ದಾರೆ